ಹೋದ ಸಲದ ಚಾಂಪಿಯನ್ ಹೆಸರಷ್ಟೇ ಸಾಲದು

ನಮಸ್ಕಾರ. ಒಬ್ಬರೇ ನಡೆಸುವ ಚಿಕ್ಕ ಹಾಯಿದೋಣಿ ಐಎಲ್‌ಸಿಎ 7ರ ವಿಶ್ವ ಚಾಂಪಿಯನ್‌ಶಿಪ್‌ಗೆ ಫೇವರಿಟ್ ಆರಿಸುವಾಗ ಹೋದ ಸಲ ಗೆದ್ದವರ ಹೆಸರು ಬರೆದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. 2019ರಿಂದ 2022ರವರೆಗೆ ನಾಲ್ಕು ಸಲಕ್ಕೆ ನಾಲ್ಕು ಬೇರೆ ಬೇರೆ ಚಾಂಪಿಯನ್‌ಗಳು. ಆಮೇಲೆ ಆಸ್ಟ್ರೇಲಿಯಾದ ಮ್ಯಾಟ್ ವೆರ್ನ್ 2023, 2024 ಎರಡನ್ನೂ ಗೆದ್ದರು. ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್ ಚಿನ್ನವೂ ಅವರದೇ. ಅವರು ಇಳಿದರೆ ನನ್ನ ಮೊದಲ ಹೆಸರು ಅವರದು.

ಒಂದು ಚಾಂಪಿಯನ್‌ಶಿಪ್‌ನಲ್ಲಿ ಹಲವು ರೇಸ್ ಇರುತ್ತವೆ. ಯಾರು ಎಷ್ಟು ರೇಸ್ ಗೆದ್ದರು ಅನ್ನೋದಕ್ಕಿಂತ, ಕೆಟ್ಟ ದಿನ ಎಷ್ಟನೆಯವರಾಗಿ ಬಂದರು ಅಂತ ನೋಡಿ. ಮೊದಲ ಜಾಗಕ್ಕೆ 1 ಪಾಯಿಂಟ್, ಇಪ್ಪತ್ತನೆಯದಕ್ಕೆ 20. ಒಟ್ಟು ಕಡಿಮೆ ಇದ್ದವರು ಗೆದ್ದಂತೆ. ತೀರಾ ಕೆಟ್ಟ ರೇಸನ್ನು ಲೆಕ್ಕದಿಂದ ಬಿಡುತ್ತಾರೆ, ಆದರೆ ಮತ್ತೆ ಮತ್ತೆ ಎಡವಿದರೆ ಉಳಿಯುವುದು ಕಷ್ಟ.

ಮುಖ್ಯವಾದದ್ದು ಗಾಳಿ. ನಾನಿರುವುದು ಮುಂಬೈಯ ಕೊಲಾಬಾದಲ್ಲಿ. ಚಳಿಗಾಲದ ಬೆಳಿಗ್ಗೆ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಕಟ್ಟೆ ಮೇಲೆ ನಿಂತರೆ ಹಾಯಿಗಳು ಸುಮ್ನೆ ಜೋತು ಬಿದ್ದಿರುತ್ತವೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದಿತೋ, ದೋಣಿ ಮಗುಚದಂತೆ ಹುಡುಗರು ಬೆನ್ನು ನೀರಿಗೆ ತಾಗುವಷ್ಟು ಹೊರಗೆ ಬಾಗುತ್ತಾರೆ, ತೊಡೆ ನಡುಗುತ್ತಿರುತ್ತದೆ. ಮೆಲ್ಲಗಿನ ಗಾಳಿಯಲ್ಲಿ ಹಗುರ ಮೈಯವರಿಗೆ ಲಾಭ, ಜೋರಾದರೆ ತೂಕ ಇರುವವರಿಗೆ. ಹಾಗಾಗಿ ಸ್ಪರ್ಧೆ ಎಲ್ಲಿ, ಯಾವ ತಿಂಗಳು ಅಂತ ನೋಡಿಯೇ ಹೆಸರು ಬರೆಯಿರಿ.

ನಮ್ಮ ವಿಷ್ಣು ಸರವಣನ್ ಇಲ್ಲೇ ಮುಂಬೈಯ ಆರ್ಮಿ ಯಾಟಿಂಗ್ ನೋಡ್‌ನಲ್ಲಿ (ಸೇನೆಯ ಹಾಯಿದೋಣಿ ತರಬೇತಿ ಕೇಂದ್ರ) ಪಳಗಿದವರು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದವರು. ಮೊದಲ ಮೂರರಲ್ಲಿ ಅವರನ್ನು ಬರೆಯಲಾರೆ. ಆದರೆ ಪ್ರತಿ ರೇಸ್ ಮುಗಿದಾಗ ಮೊದಲು ಹುಡುಕುವುದು ಅವರ ಹೆಸರನ್ನೇ.