ಎಲ್ಲ ಉತ್ತರ ಗೊತ್ತಿರುವ ಮಕ್ಕಳಿಗೆ ಜೀವಶಾಸ್ತ್ರ: ಕರಿಬೇವಿನ ಕುಂಡದಿಂದ ಶುರು ಮಾಡಿ

ನಮಸ್ಕಾರ ಮೇಡಂ,

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಿನಲ್ಲಿ ಮುಗಿಸುವ ವಿಷಯ ಅಲ್ಲ ಅನ್ನಿಸಿತು. ಅದಕ್ಕೆ ಇವತ್ತು ಕಾಫಿ ಹಿಡಿದು ಕೂತು ಬರೆಯುತ್ತಿದ್ದೇನೆ.

ಎಂಟ್ರೆನ್ಸ್ ಟೆಸ್ಟ್ ಬರೆಸಿ ಮಕ್ಕಳನ್ನು ಆರಿಸಿಕೊಳ್ಳುವ ಜಯನಗರ ಕಡೆಯ ಶಾಲೆಗೆ ಈ ಜೂನ್‌ನಲ್ಲಿ ಸೇರಿದ್ದೀರಿ. ಒಂಬತ್ತು, ಹತ್ತು ಮತ್ತು ಫಸ್ಟ್ ಪಿಯುಗೆ ಜೀವಶಾಸ್ತ್ರ. ನೀವು ಬಾಯಿ ತೆರೆಯುವ ಮೊದಲೇ ಉತ್ತರ ಬರುತ್ತದೆ, ಆದರೆ ಪ್ರಶ್ನೆ ಮಾತ್ರ ಒಬ್ಬರೂ ಕೇಳುವುದಿಲ್ಲ ಅಂತ ಬರೆದಿದ್ದೀರಿ. ಪ್ರಿನ್ಸಿಪಾಲರು ಟೆರೇಸ್‌ನಲ್ಲಿ ಒಂದು ಮೂಲೆ ಕೊಟ್ಟಿದ್ದಾರೆ, ಅಲ್ಲಿ ಯಾವ ಗಿಡ ಇಟ್ಟರೆ ಪಾಠಕ್ಕೆ ಉಪಯೋಗ ಅಂತ ಕೇಳಿದ್ದೀರಿ. ನಮ್ಮ ಈ ಟೆರೇಸ್ ತೋಟದ ಗುಂಪಿನವರು ಟೊಮೆಟೊ, ಪಾಲಕ್, ಪುದೀನ ಅಂತ ಹೇಳಿದ್ದಾರೆ. ಅದೆಲ್ಲ ಊಟಕ್ಕೆ ಸರಿ. ಪಾಠಕ್ಕೆ ನಾನು ಬೇರೆ ಗಿಡ ಹೇಳುತ್ತೇನೆ. ಇಂಥದ್ದೇ ಒಂದು ಶಾಲೆಯಲ್ಲಿ 22 ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಟೆರೇಸ್ ತೋಟವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು.

ಮೊದಲು ಒಂದು ಘಟನೆ ಹೇಳಬೇಕು. ಆಗ ನಾನು ಸೇರಿ ನಾಲ್ಕೈದು ವರ್ಷ ಆಗಿತ್ತು. ಫಸ್ಟ್ ಪಿಯು ಪ್ರಾಕ್ಟಿಕಲ್. ರಿಯೋ ಅನ್ನುವ ಅಲಂಕಾರದ ಗಿಡದ ಎಲೆಯ ಕೆಳಗಿನ ನೇರಳೆ ಸಿಪ್ಪೆ ಬಿಡಿಸಿ, ಉಪ್ಪು ನೀರು ಹಾಕಿ, ಜೀವಕೋಶದೊಳಗಿನ ಬಣ್ಣ ಗೋಡೆ ಬಿಟ್ಟು ಒಳಗೆ ಕುಗ್ಗುವುದನ್ನು ನೋಡುವ ಪ್ರಯೋಗ. ಅವತ್ತು ಬಾಟಲಿ ಅದಲುಬದಲಾಗಿತ್ತು. ಉಪ್ಪು ನೀರಿನ ಲೇಬಲ್ ಇದ್ದ ಬಾಟಲಿಯಲ್ಲಿ ಬರೀ ನಲ್ಲಿ ನೀರು. ನನಗೂ ಗೊತ್ತಿರಲಿಲ್ಲ. 42 ಮಕ್ಕಳು. ಒಂದು ಸ್ಲೈಡ್‌ನಲ್ಲೂ ಏನೂ ಕುಗ್ಗಿರಲಿಲ್ಲ. ಆದರೆ 42 ರೆಕಾರ್ಡ್ ಬುಕ್‌ನಲ್ಲೂ ಕುಗ್ಗಿದ ಜೀವಕೋಶದ ಚಿತ್ರ ಇತ್ತು, ಕೆಳಗೆ ನೀಟಾಗಿ ಬಾಣ ಹಾಕಿ ಹೆಸರು ಬರೆದಿದ್ದರು. ಸಂಜೆ ಸ್ಲೈಡ್ ತೊಳೆಯುವಾಗ ನನಗೆ ಗೊತ್ತಾಯಿತು. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಅವರು ಸುಳ್ಳು ಹೇಳುವ ಮಕ್ಕಳಲ್ಲ ಮೇಡಂ. ತಪ್ಪಿಲ್ಲದ ಉತ್ತರ ಬರೆದದ್ದಕ್ಕೇ ಅವರಿಗೆ ಸೀಟು ಸಿಕ್ಕಿರುವುದು. ಮುಂದೆ ನೀಟ್‌ನಲ್ಲೂ ಹಾಗೇ. 180 ಪ್ರಶ್ನೆಯಲ್ಲಿ 90 ಜೀವಶಾಸ್ತ್ರದ್ದು, ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಕಳೆಯುತ್ತಾರೆ. ಹೀಗೆ ಬೆಳೆದ ಮಗುವಿಗೆ ಕಣ್ಣು ಒಂದು ಹೇಳಿ ಪುಸ್ತಕ ಇನ್ನೊಂದು ಹೇಳಿದರೆ, ಅದು ಪುಸ್ತಕವನ್ನೇ ನಂಬುತ್ತದೆ. ಪ್ರಶ್ನೆ ಕೇಳದೆ ಇರುವುದಕ್ಕೂ ಇದೇ ಕಾರಣ ಅಂತ ನನ್ನ ಅನಿಸಿಕೆ. ಪ್ರಶ್ನೆ ಕೇಳಿದರೆ ಗೊತ್ತಿಲ್ಲ ಅಂತ ಒಪ್ಪಿಕೊಂಡ ಹಾಗೆ ಅಲ್ವಾ? ಹಾಗಾಗಿ ನಿಮ್ಮ ಟೆರೇಸ್ ಮೂಲೆಯಲ್ಲಿ ಪುಸ್ತಕದ ಉತ್ತರ ಪೂರ್ತಿ ಹೊಂದದ ಗಿಡಗಳು ಇರಲಿ.

ಮೊದಲನೆಯದು ಕರಿಬೇವು. ಎರಡು ಕುಂಡ ಇಡಿ, ಪಕ್ಕದಲ್ಲಿ ಒಂದು ನಿಂಬೆ. ಔಷಧಿ ಹೊಡೆಯಬೇಡಿ, ಬೇವಿನ ಎಣ್ಣೆಯೂ ಬೇಡ. ಈ ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಯಾರಾದರೂ ಫೋಟೋ ಹಾಕುತ್ತಾರೆ: "ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ತರಹ ಏನೋ ಇದೆ, ಎರಡು ದಿನದಲ್ಲಿ ಗಿಡ ಬೋಳಾಯಿತು." ಅದೇ ನಮಗೆ ಬೇಕಾದ ಹುಳ. ಬೆಂಗಳೂರಿನಲ್ಲಿ ಅದು ಹೆಚ್ಚಾಗಿ ಕಾಮನ್ ಮಾರ್ಮನ್ ಅಥವಾ ಲೈಮ್ ಚಿಟ್ಟೆಯದು. ಚಿಕ್ಕದಿರುವಾಗ ಹಿಕ್ಕೆಯ ಹಾಗೆ ಕಂದು ಬಿಳಿ. ಕೊನೆಯ ಸಲ ಪೊರೆ ಬಿಟ್ಟ ಮೇಲೆ ಎಲೆಯ ಹಾಗೆ ಹಸಿರು. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಗೆ ಚಾಚುತ್ತದೆ, ಜೊತೆಗೆ ಘಾಟು ವಾಸನೆ. ಒಂಬತ್ತನೇ ಕ್ಲಾಸಿನ ಮಕ್ಕಳು ಕಿರುಚಿ ಹಿಂದೆ ಸರಿದು, ಮತ್ತೆ ತಾವೇ ಮುಂದೆ ಬರುತ್ತಾರೆ.

ಜಾಲರಿ ಮುಚ್ಚಳ ಇರುವ ಡಬ್ಬದಲ್ಲಿ ನಾಲ್ಕು ಹುಳ ಸಾಕಿ. ದಿನಾ ತಾಜಾ ಎಲೆ ಹಾಕಬೇಕು, ಹಿಕ್ಕೆ ತೆಗೆಯಬೇಕು. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಕೆಲವು ಸಲ ಗೂಡಿನಿಂದ ಚಿಟ್ಟೆ ಬರುವುದೇ ಇಲ್ಲ. ಸಣ್ಣ ತೂತು ಬೀಳುತ್ತದೆ, ಒಳಗಿಂದ ಪುಟ್ಟ ಪುಟ್ಟ ಕಣಜಗಳು ಹೊರಗೆ ಬರುತ್ತವೆ. ಮೊದಲ ಸಲ ಹೀಗಾದಾಗ ಪ್ರಯೋಗ ಕೆಟ್ಟಿತು ಅಂತ ಒಬ್ಬ ಹುಡುಗಿ ಅತ್ತುಬಿಟ್ಟಳು. ಪರಾವಲಂಬಿ ಜೀವನ ಅಂತ ಅವಳು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದಳೋ! ಕಣ್ಣೆದುರು ಬಂದಾಗ ಅದೇ ಇದು ಅಂತ ಗುರುತು ಸಿಗಲಿಲ್ಲ. ಅವತ್ತು ಪೀರಿಯಡ್ ಪೂರ್ತಿ ಅದರ ಬಗ್ಗೆಯೇ ಮಾತಾಡಿದೆವು.

ಇಲ್ಲಿಂದ ಪಿಯು ಪಾಠಕ್ಕೆ ಸೀದಾ ದಾರಿ ಇದೆ. ಕಾಮನ್ ಮಾರ್ಮನ್ ಹೆಣ್ಣುಗಳಲ್ಲಿ ಮೂರು ರೂಪ. ಒಂದು ಗಂಡಿನ ಹಾಗೇ ಇರುತ್ತದೆ. ಇನ್ನೊಂದು ಕಾಮನ್ ರೋಸ್ ಚಿಟ್ಟೆಯ ಹಾಗೆ, ಮತ್ತೊಂದು ಕ್ರಿಮ್ಸನ್ ರೋಸ್ ಹಾಗೆ. ಆ ರೋಸ್ ಚಿಟ್ಟೆಗಳ ಮರಿಹುಳ ಈಶ್ವರಿ ಬಳ್ಳಿ ತಿಂದು ಬೆಳೆಯುತ್ತವೆ, ಬಳ್ಳಿಯ ವಿಷ ಮೈಯಲ್ಲಿ ಉಳಿಯುತ್ತದೆ, ಅದಕ್ಕೆ ಹಕ್ಕಿಗಳು ಅವನ್ನು ಬಿಡುತ್ತವೆ. ಕರಿಬೇವು ತಿಂದ ನಮ್ಮ ಮಾರ್ಮನ್‌ಗೆ ಆ ವಿಷ ಇಲ್ಲ, ವೇಷ ಮಾತ್ರ. ಈ ವೇಷವನ್ನು ನಿರ್ಧರಿಸುವ ವಂಶವಾಹಿ ಯಾವುದು ಅಂತ 2014ರಲ್ಲಿ ಕಂಡುಹಿಡಿದು ಪ್ರಕಟಿಸಿದವರಲ್ಲಿ ಕೃಷ್ಣಮೇಘ್ ಕುಂಟೆ ಒಬ್ಬರು. ಅವರು ಇಲ್ಲೇ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಇದ್ದಾರೆ. ಆ ವಂಶವಾಹಿಯ ಹೆಸರು ಡಬಲ್‌ಸೆಕ್ಸ್. ಕೀಟಗಳಲ್ಲಿ ಹೆಣ್ಣು ಗಂಡಿನ ವ್ಯತ್ಯಾಸ ಬೆಳೆಯುವುದಕ್ಕೆ ಬೇಕಾದ ವಂಶವಾಹಿಯೇ ಇಲ್ಲಿ ರೆಕ್ಕೆಯ ವೇಷಕ್ಕೂ ಕೆಲಸ ಮಾಡುತ್ತದೆ. ನಮ್ಮ ಕುಂಡದ ಹುಳಕ್ಕೂ ಹೆಬ್ಬಾಳ ದಾಟಿದರೆ ಸಿಗುವ ಆ ಲ್ಯಾಬಿಗೂ ಸಂಬಂಧ ಇದೆ ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು ನೀವು. ವಿಜ್ಞಾನ ಎಲ್ಲೋ ದೂರದಲ್ಲಿ ಮುಗಿದುಹೋಗಿರುವ ಕೆಲಸ ಅಂತ ಅವರು ಅಂದುಕೊಂಡಿರುತ್ತಾರೆ.

ಎರಡನೆಯದು ದಾಸವಾಳ, ಎರಡು ತರಹದ್ದು. ಐದು ಎಸಳಿನ ಕೆಂಪು ದಾಸವಾಳ ಎಲ್ಲರೂ ಇಡುತ್ತಾರೆ, ಹೂವಿನ ಭಾಗ ಬಿಡಿಸಿ ತೋರಿಸಲು ಸುಲಭ. ನೀವು ತುಂಬಾ ಎಸಳಿರುವ ಮುದ್ದೆ ದಾಸವಾಳವನ್ನೂ ಇಡಿ. ಮೊದಲನೆಯದನ್ನು ಬಿಡಿಸಿದ ಮೇಲೆ, ಏನೂ ಹೇಳದೆ ಎರಡನೆಯದನ್ನು ಕೈಗೆ ಕೊಡಿ. ಕೇಸರ ಎಲ್ಲಿ ಅಂತ ಹುಡುಕುತ್ತಾರೆ. ಸ್ವಲ್ಪ ಹೊತ್ತಿಗೆ ಯಾರಿಗಾದರೂ ತುದಿಯಲ್ಲಿ ಹಳದಿ ಪರಾಗದ ಚೀಲ ಅಂಟಿಕೊಂಡ ಅರೆಬರೆ ಎಸಳು ಸಿಗುತ್ತದೆ. ಕೇಸರವೇ ಎಸಳಾಗಿದೆ ಅಂತ ಅವರೇ ಹೇಳಬೇಕು, ನೀವು ಹೇಳಬೇಡಿ. ನನಗೆ ಈ ಸುಮ್ಮನಿರುವುದನ್ನು ಕಲಿಯಲು ವರ್ಷಗಳೇ ಬೇಕಾದವು.

ರಿಯೋ ಇಡಲೇಬೇಕು. ಬಿಸಿಲಲ್ಲಿಟ್ಟರೆ ನೇರಳೆ ಬಣ್ಣ ಚೆನ್ನಾಗಿ ಬರುತ್ತದೆ. 100 ಮಿಲಿ ನೀರಿಗೆ 5 ಗ್ರಾಂ ಉಪ್ಪು ಸಾಕು. ರಿಯೋ ಎಲೆಯ ರಸ ಕೆಲವರಿಗೆ ತುರಿಕೆ ತರುತ್ತದೆ, ಕೈ ತೊಳೆಸಿ. ಬಾಟಲಿ ಅದಲುಬದಲಾದ ವರ್ಷದಿಂದ ನಾನು ಬೇಕಂತಲೇ ಎರಡು ಬಾಟಲಿಗೆ ಎ, ಬಿ ಅಂತಷ್ಟೇ ಬರೆದು ಇಡುತ್ತೇನೆ. ಯಾವುದರಲ್ಲಿ ಉಪ್ಪಿದೆ ಅಂತ ಸ್ಲೈಡ್ ನೋಡಿ ಅವರೇ ಹೇಳಬೇಕು. ಇಷ್ಟು ಸಣ್ಣ ಬದಲಾವಣೆಗೆ ಅವರು ಮೈಕ್ರೋಸ್ಕೋಪ್ ಮುಂದೆ ಕೂರುವ ರೀತಿಯೇ ಬದಲಾಯಿತು.

ಬಳ್ಳಿಗೆ ಜಾಗ ಇದ್ದರೆ ಹೀರೆ ಮತ್ತು ತುಪ್ಪದ ಹೀರೆ ಎರಡೂ ಹಾಕಿ. ಒಂದು ವರ್ಷ ಪರಾಗಸ್ಪರ್ಶದ ಪಾಠ ಮಾಡುತ್ತಾ, ಹೀರೆ ಹೂ ಬೆಳಿಗ್ಗೆ ಬಂದು ನೋಡೋಣ ಅಂದೆ. ಹಿಂದಿನ ಬೆಂಚಿನಲ್ಲಿ ಮಾಗಡಿ ಕಡೆಯ ಹಳ್ಳಿಯಿಂದ ಬಂದ ಹುಡುಗ ಇದ್ದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಮೂರು ತಿಂಗಳಲ್ಲಿ ಅವನ ದನಿಯನ್ನೇ ಕೇಳಿರಲಿಲ್ಲ. "ಸರ್, ಹೀರೆ ಹೂ ಸಂಜೆ ಅರಳೋದು. ತುಪ್ಪದ ಹೀರೆ ಬೆಳಿಗ್ಗೆ" ಅಂದ. ಅವನು ಹೇಳಿದ್ದೇ ಸರಿ. ಸಂಜೆ ಆರಕ್ಕೆ ಅವನೇ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿದ. ಒಂದೇ ಕುಲದ ಎರಡು ಗಿಡ, ಬೇರೆ ಬೇರೆ ಹೊತ್ತು. ಹಾಗಾದರೆ ಬರುವ ಕೀಟಗಳೂ ಬೇರೆಯಾ ಅಂತ ಕ್ಲಾಸಿನ ಮೊದಲ ರ‍್ಯಾಂಕಿನ ಹುಡುಗಿ ಅವನನ್ನು ಕೇಳಿದಳು. ನಿಮ್ಮ ಕ್ಲಾಸಿನಲ್ಲೂ ಇಂಥ ಮಕ್ಕಳು ಇದ್ದೇ ಇರುತ್ತಾರೆ. ಫಸ್ಟ್ ಪಿಯುನ ಮೊದಲ ಎರಡು ತಿಂಗಳು ಪತ್ರರಂಧ್ರ, ಪರಾಗ, ಅಂಡಾಶಯ, ವಂಶವಾಹಿ ಈ ಕನ್ನಡ ಪದಗಳನ್ನೂ ಬೋರ್ಡಿನ ಮೇಲೆ ಇಂಗ್ಲಿಷ್ ಪದದ ಜೊತೆಗೆ ಬರೆಯಿರಿ. ಅವರಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷ್ ಹೆಸರು ಮಾತ್ರ ಹೊಸದು.

ಇನ್ನು ಮಣ್ಣಿನ ವಿಷಯ. ಇದು ನನಗೆ ಬಹಳ ಇಷ್ಟ. ಮರದ ತೂಕ ಎಲ್ಲಿಂದ ಬರುತ್ತದೆ ಅಂತ ತಿಳಿಯಲು ವಾನ್ ಹೆಲ್ಮಾಂಟ್ ಅನ್ನುವ ವಿಜ್ಞಾನಿ ಮಾಡಿದ ಪ್ರಯೋಗ 1648ರಲ್ಲಿ ಪ್ರಕಟವಾಯಿತು. ಸುಮಾರು 90 ಕೆಜಿ ಒಣಮಣ್ಣಿನಲ್ಲಿ ಎರಡೂಕಾಲು ಕೆಜಿಯ ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಮರ 77 ಕೆಜಿ ಹತ್ತಿರ ಬೆಳೆಯಿತು, ಮಣ್ಣು ಕಡಿಮೆಯಾದದ್ದು 60 ಗ್ರಾಂ ಕೂಡ ಇಲ್ಲ. ಎಲ್ಲ ನೀರಿನಿಂದಲೇ ಬಂತು ಅಂದುಕೊಂಡ. ಗಾಳಿಯ ಇಂಗಾಲದ ಡೈಆಕ್ಸೈಡ್ ಅವನ ಲೆಕ್ಕದಲ್ಲಿ ಇರಲಿಲ್ಲ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಒಬ್ಬ ಹುಡುಗ, "ಆದರೆ ಸರ್, ನಮ್ಮಜ್ಜಿಯ ಕುಂಡದಲ್ಲಿ ವರ್ಷಕ್ಕೆ ಮೂರು ಬೆರಳು ಮಣ್ಣು ಇಳಿಯುತ್ತಲ್ಲ?" ಅಂದ. ನಮ್ಮ ಗುಂಪಿನಲ್ಲಿ ಎಲ್ಲರಿಗೂ ಇರುವ ಅನುಭವವೇ ಅದು. ನಾನು ಉತ್ತರ ಹೇಳಲಿಲ್ಲ. ಒಂದೇ ಮಣ್ಣು, ಒಂದೇ ಕಾಂಪೋಸ್ಟ್ ತುಂಬಿದ ಎರಡು ಬಕೆಟ್ ಇಟ್ಟೆವು. ಒಂದರಲ್ಲಿ ಬದನೆ, ಇನ್ನೊಂದರಲ್ಲಿ ಏನೂ ಇಲ್ಲ. ಎರಡಕ್ಕೂ ಅಷ್ಟೇ ನೀರು. ನವೆಂಬರ್ ಹೊತ್ತಿಗೆ ಖಾಲಿ ಬಕೆಟ್‌ನಲ್ಲೂ ಮಣ್ಣು ಇಳಿದಿತ್ತು! ಕಾಂಪೋಸ್ಟನ್ನು ಸೂಕ್ಷ್ಮಜೀವಿಗಳು ತಿಂದು, ಇಂಗಾಲ ಗಾಳಿಗೆ ಹೋಗಿದೆ ಅಂತ ಅರ್ಧ ಕ್ಲಾಸು. ಸುಮ್ನೆ ನೀರು ಬಿದ್ದು ಅದುಮಿಕೊಂಡಿರಬಹುದು ಅಂತ ಉಳಿದರ್ಧ. ಎತ್ತರ ಅಳೆದರೆ ಇದು ಬಗೆಹರಿಯಲ್ಲ, ಒಣಗಿಸಿ ತೂಕ ನೋಡಬೇಕು ಅಂತ ಅವರೇ ಹೇಳಿದರು. ಮುಂದಿನ ವರ್ಷ ಹಾಗೇ ಮಾಡಿದೆವು. ನೀವು ಮೊದಲ ವರ್ಷವೇ ತಕ್ಕಡಿ ಇಟ್ಟುಕೊಳ್ಳಿ.

ಪರೀಕ್ಷೆಯ ಪ್ರಶ್ನೆಗಳನ್ನೂ ಇಲ್ಲಿಂದಲೇ ತೆಗೆಯಬಹುದು. ಮಧ್ಯಾಹ್ನ ಎರಡಕ್ಕೆ ಟೊಮೆಟೊ ಗಿಡ ಬಾಡಿದೆ, ಮಣ್ಣು ಒದ್ದೆ ಇದೆ, ಸಂಜೆಗೆ ತಾನಾಗಿ ಎದ್ದು ನಿಂತಿದೆ, ಯಾಕೆ? ಕೊತ್ತಂಬರಿ ಬೀಜವನ್ನು ಒಡೆದು ಹಾಕಿದರೆ ಒಂದರಿಂದ ಎರಡು ಸಸಿ ಬರುತ್ತದೆ, ಹಾಗಾದರೆ ನಾವು ಬೀಜ ಅನ್ನುವುದು ನಿಜಕ್ಕೂ ಏನು? ಮೊದಲ ಟೆಸ್ಟ್‌ನಲ್ಲಿ ಕೆಲವರಿಗೆ ಅಂಕ ಕಡಿಮೆ ಬರುತ್ತದೆ. ಇಂಥ ಪ್ರಶ್ನೆಗೆ ಕಾರಣ ಯೋಚಿಸಿ ಬರೆದ ತಪ್ಪು ಉತ್ತರಕ್ಕೂ ಅರ್ಧ ಅಂಕ ಕೊಡಿ, ಮೊದಲೇ ಹೇಳಿಯೂ ಬಿಡಿ.

ತಪ್ಪಿಗೆ ಹೆದರುವ ಕ್ಲಾಸಿಗೆ ನಾಲಿಗೆ ಮಡಿಸುವ ಕತೆ ಹೇಳಿ. ನಾಲಿಗೆಯನ್ನು ಕೊಳವೆಯ ಹಾಗೆ ಮಡಿಸಲು ಬರುವುದು ಒಂದು ವಂಶವಾಹಿಯಿಂದ ಅಂತ 1940ರಲ್ಲಿ ಬರೆದವರು ಸ್ಟರ್ಟೆವೆಂಟ್, ದೊಡ್ಡ ತಳಿವಿಜ್ಞಾನಿ. 1952ರಲ್ಲಿ ಅವಳಿಗಳನ್ನು ನೋಡಿದಾಗ, ತದ್ರೂಪಿ ಅವಳಿಗಳಲ್ಲೂ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದಿರುವುದು ಕಂಡಿತು. ಆಮೇಲೆ ಸ್ಟರ್ಟೆವೆಂಟ್ ಅವರೇ ತಮ್ಮ ಮಾತು ಸರಿಯಿಲ್ಲ ಅಂತ ಬರೆದರು. ಇಂದಿಗೂ ಎಷ್ಟೋ ಕಡೆ ಹಳೆಯದನ್ನೇ ಹೇಳಿಕೊಡುತ್ತಾರೆ. ಆದರೆ ಅಪ್ಪ ಅಮ್ಮನ ಲಕ್ಷಣ ಪಟ್ಟಿ ಮಾಡಿ ತನ್ನಿ ಅಂತ ಮನೆಗೆಲಸ ಕೊಡಬೇಡಿ. ದತ್ತು ಬಂದ ಮಕ್ಕಳು, ಒಬ್ಬರೇ ಪೋಷಕರಿರುವ ಮಕ್ಕಳು ಇರುತ್ತಾರೆ, ಅವರಿಗೆ ನೋವಾಗುತ್ತದೆ.

ಪೋಷಕರು ಬಂದೇ ಬರುತ್ತಾರೆ. ಪೋರ್ಶನ್ ಯಾವಾಗ ಮುಗಿಯುತ್ತೆ, ಇದು ನೀಟ್‌ಗೆ ಬರುತ್ತಾ ಅಂತ ಕೇಳುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಅವರ ಆತಂಕ ನಿಜವಾದದ್ದು. ಇಡೀ ವರ್ಷದ ಪಾಠದ ಪಟ್ಟಿ ಜೂನ್‌ನಲ್ಲೇ ಕೊಟ್ಟುಬಿಡಿ, ಆ ದಿನಾಂಕ ತಪ್ಪಬೇಡಿ. ನಾನು ವಾರಕ್ಕೆ ಒಂದೇ ಪೀರಿಯಡ್ ಟೆರೇಸ್‌ಗೆ ಇಡುತ್ತೇನೆ. ಅದಕ್ಕೆ ಬೇರೆ ರಫ್ ಬುಕ್, ಪೆನ್ಸಿಲ್ ಮಾತ್ರ. ಕಂಡದ್ದನ್ನು ಬರೆಯಬೇಕು, ಕೊನೆಯಲ್ಲಿ ಹೊಂದದೆ ಉಳಿದದ್ದು ಏನು ಅಂತ ಒಂದು ಸಾಲು. ಮೊದಲ ತಿಂಗಳು ಆ ಸಾಲು ಖಾಲಿ ಇರುತ್ತದೆ. ಆಗಸ್ಟ್ ಹೊತ್ತಿಗೆ ತುಂಬುತ್ತದೆ, ಅವಸರ ಮಾಡಬೇಡಿ.

ಈಗ ಮಳೆ ಶುರುವಾಗಿದೆ, ಕರಿಬೇವಿಗೆ ಹೊಸ ಚಿಗುರು ಬರುವ ಹೊತ್ತು. ಹಿಂದೆಯೇ ಚಿಟ್ಟೆಗಳು ಮೊಟ್ಟೆ ಇಡಲು ಬರುತ್ತವೆ. ಹಾಗಾಗಿ ಈ ವಾರವೇ ಕುಂಡ ಇಟ್ಟುಬಿಡಿ. ರಿಯೋ ಮರಿಗಳು ನನ್ನ ಹತ್ತಿರ ಎಂಟು ಹತ್ತು ಇವೆ, ಮುದ್ದೆ ದಾಸವಾಳದ ಕಡ್ಡಿಯೂ ಕೊಡುತ್ತೇನೆ. ಜಯನಗರದಿಂದ ನಮ್ಮ ಬನಶಂಕರಿ ದೂರವೇನಲ್ಲ. ಭಾನುವಾರ ಬೆಳಿಗ್ಗೆ ಹತ್ತರೊಳಗೆ ಬನ್ನಿ. ಕಡ್ಡಿ ಸುತ್ತಲು ಒಂದು ಒದ್ದೆ ಬಟ್ಟೆ, ಹುಳ ಒಯ್ಯಲು ತೂತು ಮಾಡಿದ ಡಬ್ಬ ತನ್ನಿ. ನಮ್ಮ ನಿಂಬೆ ಗಿಡದ ಮೇಲೆ ನಿನ್ನೆ ಐದು ಎಣಿಸಿದೆ.