ಸಂಪಾದಕರ ಉತ್ತರ: ಪೊದೆಯಲ್ಲಿ ಸಿಕ್ಕಿಕೊಂಡ ಕುದುರೆ

ಹಾಸನದ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಬ್ಯಾಂಕಿನ ನೌಕರಿ, ನಲವತ್ತರ ಆಸುಪಾಸಿನ ವಯಸ್ಸು, ಕಾದಂಬರಿ ಓದುವ ಹವ್ಯಾಸ. ಕಳೆದ ಮಳೆಗಾಲದಿಂದ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಎಂಬ ಓಪನ್ ವರ್ಲ್ಡ್ ಗೇಮಿನಲ್ಲಿ, ಅಂದರೆ ಮನಬಂದಲ್ಲಿ ಅಲೆದಾಡಬಹುದಾದ ಕಂಪ್ಯೂಟರ್ ಆಟದಲ್ಲಿ, ನೂರು ಗಂಟೆ ಕಳೆದಿದ್ದಾರಂತೆ. ಪತ್ರದ ಎರಡು ಪುಟ ಬರೀ ದೂರು: ಮೊಣಕಾಲೆತ್ತರದ ಪೊದೆಗೆ ಕುದುರೆ ಸಿಕ್ಕಿಕೊಂಡು ನಿಲ್ಲುತ್ತದೆ, ಮಾತಾಡುತ್ತಿರುವ ಹಳ್ಳಿಗನ ತಲೆ ಗೋಡೆಯೊಳಗೆ ಹೊಕ್ಕುತ್ತದೆ, ಬೇಕೆಂದಾಗ ಸೇವ್ ಮಾಡಲು, ಅಂದರೆ ಆಡಿದಷ್ಟನ್ನು ಉಳಿಸಿಡಲು, ಬಿಡುವುದಿಲ್ಲ. ಮೂರನೆಯ ಪುಟದಲ್ಲಿ ಒಂದೇ ಪ್ರಶ್ನೆ: “ಇಷ್ಟು ತಪ್ಪುಗಳಿರುವ ಆಟವನ್ನು ಬಿಟ್ಟೇಳಲು ಆಗದಿರುವುದು ನನ್ನ ಅಭಿರುಚಿ ಕೆಟ್ಟಿರುವುದರ ಲಕ್ಷಣವೇ?”

ಹೇಳಲೇಬೇಕಾದ ಮಾತನ್ನು ಮೊದಲು ಹೇಳಿ ಮುಗಿಸುತ್ತೇನೆ. ಅರೆಬೆಂದ ಅನ್ನವನ್ನು ಪೂರ್ತಿ ಬೆಲೆಗೆ ಬಡಿಸುವುದು ಸರಿಯಲ್ಲ. 2018ರ ಫೆಬ್ರುವರಿ 13ರಂದು ಈ ಆಟ ಬಿಡುಗಡೆಯಾದಾಗ ಅದರ ದೋಷಗಳ ಬಗ್ಗೆ ವಿಮರ್ಶಕರು ಬರೆದದ್ದು ಸುಳ್ಳಾಗಿರಲಿಲ್ಲ. ತಿದ್ದುಪಡಿಗಳು ತಿಂಗಳುಗಟ್ಟಲೆ ಬರುತ್ತಲೇ ಇದ್ದವು. ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ಬ್ಯಾಂಕಿನ ಕೌಂಟರಿನಲ್ಲಿ ತೂಕಡಿಸಬಾರದೆಂಬುದನ್ನು ನಿಮ್ಮ ಮನೆಯವರು ಈಗಾಗಲೇ ಹೇಳಿರುತ್ತಾರೆ.

ಇನ್ನು ನನ್ನ ಮಾತು. ಎರಡು ವರ್ಷದ ಹಿಂದೆ ಕಾಲು ಉಳುಕಿ ಅಕ್ಕನ ಮನೆಯಲ್ಲಿ ಹದಿನೈದು ದಿನ ಬಿದ್ದಿದ್ದಾಗ, ಸೋದರಳಿಯ ಇದೇ ಆಟವನ್ನು ನನ್ನ ಕೈಗಿತ್ತು ಕಾಲೇಜಿಗೆ ಹೋಗಿಬಿಡುತ್ತಿದ್ದ. ಆಟದ ಕಾಲ 1403, ಸ್ಥಳ ಬೊಹೆಮಿಯಾ, ಅಂದರೆ ಇಂದಿನ ಚೆಕ್ ದೇಶ. ದೊರೆ ನಾಲ್ಕನೆಯ ವೆನ್ಸೆಸ್ಲಾಸ್ ತನ್ನ ಮಲತಮ್ಮ ಸಿಗಿಸ್ಮಂಡನ ಸೆರೆಯಲ್ಲಿದ್ದಾನೆ. ಸಿಗಿಸ್ಮಂಡನ ಸೈನ್ಯ ಸ್ಕಾಲಿಟ್ಸ್ ಎಂಬ ಗಣಿಯೂರಿಗೆ ಬೆಂಕಿಯಿಡುತ್ತದೆ. ಆ ಊರಿನ ಕಮ್ಮಾರನ ಮಗ ಹೆನ್ರಿ ಜೀವ ಉಳಿಸಿಕೊಂಡು ಓಡುತ್ತಾನೆ; ನಾವು ಆಡುವುದು ಅವನಾಗಿಯೇ. ಮಾಟವಿಲ್ಲ, ಮಂತ್ರವಿಲ್ಲ, ಬೆಂಕಿಯುಗುಳುವ ಡ್ರ್ಯಾಗನ್ ಇಲ್ಲ. ಇಂಥದ್ದು ಮಾರಾಟವಾಗುವುದೇ ಎಂದು ಪ್ರಕಾಶಕರು ಹಿಂಜರಿದಾಗ, ಆಟ ತಯಾರಿಸುತ್ತಿದ್ದ ಪ್ರಾಗ್‌ನ ತಂಡ 2014ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಚಂದಾ ಎತ್ತುವ ಜಾಲತಾಣದ ಮೂಲಕ ಜನರ ಮುಂದೆಯೇ ಕೈಯೊಡ್ಡಿತು. ಕೇಳಿದ್ದು 3 ಲಕ್ಷ ಪೌಂಡ್, ಬಂದದ್ದು 11 ಲಕ್ಷ ಪೌಂಡಿಗೂ ಹೆಚ್ಚು.

ಹೆನ್ರಿಗೆ ಓದು ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಕಲಸಿದಂತೆ ಹಿಂದುಮುಂದಾಗಿ ಕಾಣುತ್ತವೆ. ಉಝಿಟ್ಸ್ ಎಂಬ ಹಳ್ಳಿಯ ಲಿಪಿಕಾರನ ಬಳಿ ಕೂತು ಕಲಿತ ಮೇಲೆ ಒಂದೊಂದೇ ಪದ ನೆಟ್ಟಗಾಗುತ್ತದೆ; ಆದರೂ ಒಂದಿಷ್ಟು ದಿನ ನಡುನಡುವೆ ಕೆಲವು ಪದಗಳು ತೊದಲುತ್ತಲೇ ಇರುತ್ತವೆ. ನಾನು ಕೆಲಸಕ್ಕೆ ಸೇರಿದ್ದು ಅಚ್ಚುಮೊಳೆಯ ಮುದ್ರಣಾಲಯದಲ್ಲಿ. ಮೊದಲ ದಿನ ಮೊಳೆ ಜೋಡಿಸಿದ ಪುಟವನ್ನು ನನ್ನ ಮುಂದಿಟ್ಟು ಓದು ಎಂದಾಗ, ತಿರುಗುಮುರುಗಾದ ಆ ಸೀಸದ ಸಾಲುಗಳ ಮುಂದೆ ಹುಟ್ಟುಕನ್ನಡಿಗನಾದ ನಾನು ಅನಕ್ಷರಸ್ಥನಾಗಿ ಕೂತಿದ್ದೆ. ಮೂವತ್ತೈದು ವರ್ಷದ ಮೇಲೆ ಆ ಅವಮಾನವನ್ನೂ, ‘ಕ’ ಮೊದಲ ಸಲ ‘ಕ’ದಂತೆ ಕಂಡಾಗಿನ ಸುಖವನ್ನೂ ಒಂದು ಗೇಮು ನನಗೆ ಮರಳಿ ಕೊಟ್ಟಿತು.

ಈಗ ಸ್ವಲ್ಪ ಗದರಬೇಕು. ನೀವು ಎರಡು ಜಾತಿಯ ದೂರುಗಳನ್ನು ಒಂದೇ ಗಂಟಿಗೆ ಕಟ್ಟಿದ್ದೀರಿ. ಕುದುರೆ ಪೊದೆಗೆ ಸಿಕ್ಕಿಕೊಳ್ಳುವುದು ಬಗ್, ಅಂದರೆ ಪ್ರೋಗ್ರಾಮಿನ ದೋಷ; ಅದಕ್ಕೆ ವಕಾಲತ್ತು ಬೇಡ. ಸೇವ್ ಮಾಡಲಾಗದ್ದು ಹಾಗಲ್ಲ. ನಿಮ್ಮ ಹಾಸಿಗೆಯಲ್ಲಿ ಮಲಗಿದರೆ ಆಟ ತಾನಾಗಿ ಉಳಿಯುತ್ತದೆ. ಬೇರೆಲ್ಲಾದರೂ ಬೇಕೆಂದಾಗ ಉಳಿಸಿ ಆಟ ಮುಂದುವರಿಸಬೇಕೆಂದರೆ ‘ಸೇವಿಯರ್ ಶ್ನಾಪ್ಸ್’ ಎಂಬ ಮದ್ಯ ಕುಡಿಯಬೇಕು. ಅದನ್ನು ಕಾಯಿಸುವುದಾದರೆ ಹಂಡೆಗೆ ವೈನ್ ಸುರಿದು, ತುರಿಕೆಸೊಪ್ಪು ಹಾಕಿ, ತಿದಿ ಒತ್ತಿ, ಮರಳುಗಡಿಯಾರ ನೋಡುತ್ತ ಕುದಿಸಿ, ಬೆಲ್ಲಡೋನಾ ಎಂಬ ಗಿಡವನ್ನು ಒರಳಿನಲ್ಲಿ ಅರೆದು ಸೇರಿಸಬೇಕು. ಹೆದರಿಕೆಗೆ ಮೂರ್ನಾಲ್ಕು ಸಲ ಸೇವ್ ಮಾಡಿದರೆ ಹೆನ್ರಿ ಕುಡಿದು ತೂರಾಡುತ್ತಾನೆ! ಪುಕ್ಕಲುತನಕ್ಕೆ ಇಷ್ಟು ನ್ಯಾಯವಾದ ದಂಡವನ್ನು ನಾನು ಬೇರೆಲ್ಲೂ ಕಂಡಿಲ್ಲ. ಮದ್ಯ ಮುಗಿದ ಒಂದು ರಾತ್ರಿ, ಪಂಜು ಹಚ್ಚಿದರೆ ಕಳ್ಳರಿಗೆ ಕಾಣುತ್ತೇನೆ, ಹಚ್ಚದಿದ್ದರೆ ನನಗೆ ದಾರಿ ಕಾಣುವುದಿಲ್ಲ ಎಂಬ ಇಕ್ಕಟ್ಟಿನಲ್ಲಿ ಕಾಡು ದಾಟಿ ರಾಟೈ ಊರಿನ ಬಾಗಿಲು ಕಂಡಾಗ, ಉಳುಕಿದ ಕಾಲನ್ನು ಮರೆತು ಎದ್ದು ನಿಂತಿದ್ದೆ. ಬೇಕೆಂದಾಗ ಸೇವ್ ಇದ್ದಿದ್ದರೆ ಆ ಕಾಡು ಬರೀ ಹಸಿರು ಬಣ್ಣವಾಗಿರುತ್ತಿತ್ತು.

ಬಗ್‌ಗಳಿಗೂ ಒಂದು ಮೂಲವಿದೆ. ಆ ಹಳ್ಳಿಗರು ಬೆಳಿಗ್ಗೆ ಏಳುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಸಂಜೆ ಹೆಂಡದಂಗಡಿಯಲ್ಲಿ ಕೂರುತ್ತಾರೆ, ರಾತ್ರಿ ಮನೆಗೆ ಮರಳುತ್ತಾರೆ. ನಿಮ್ಮ ಅಂಗಿಯಲ್ಲಿ ರಕ್ತದ ಕಲೆಯಿದ್ದರೆ ಮಾತಿನ ಧಾಟಿ ಬದಲಿಸುತ್ತಾರೆ. ಇಷ್ಟೊಂದು ಸಂಗತಿಗಳು ತಂತಮ್ಮ ಪಾಡಿಗೆ ಚಲಿಸುವಾಗ ಒಂದಕ್ಕೊಂದು ಡಿಕ್ಕಿಯಾಗದೆ ಇರುತ್ತವೆಯೇ? ಎಲ್ಲರನ್ನೂ ಗೊಂಬೆಯಂತೆ ನಿಲ್ಲಿಸಿದ್ದರೆ ಯಾರ ತಲೆಯೂ ಗೋಡೆಯೊಳಗೆ ಹೋಗುತ್ತಿರಲಿಲ್ಲ, ನೀವೂ ನೂರು ಗಂಟೆ ಅಲ್ಲಿರುತ್ತಿರಲಿಲ್ಲ.

ಗೇಮಿಗೆ ನಕ್ಷತ್ರ ಹಚ್ಚುವವರು ಇದನ್ನು ಗಮನಿಸುವುದಿಲ್ಲ. ಧ್ವನಿಗೆ ಎಂಟು, ಚಿತ್ರಕ್ಕೆ ಏಳು ಎಂದು ಮಾರ್ಕು ಹಾಕಿ ಮುಂದಿನದಕ್ಕೆ ಹೋಗುತ್ತಾರೆ. ಪುಸ್ತಕದ ಗತಿಯೂ ಅದೇ. ನಮ್ಮ ಕಚೇರಿಗೆ ಪ್ರತಿ ಸಂಚಿಕೆಯ ನಂತರ ಒಂದು ಕಂತೆ ಪತ್ರ ಬರುತ್ತದೆ: ಹದಿನೇಳನೆಯ ಪುಟದಲ್ಲಿ ಅಲ್ಪಪ್ರಾಣ ಮಹಾಪ್ರಾಣವಾಗಿದೆ, ಮೂವತ್ತನೆಯದರಲ್ಲಿ ಒತ್ತು ಬಿಟ್ಟುಹೋಗಿದೆ. ಎಲ್ಲವೂ ನಿಜ, ಎಲ್ಲವನ್ನೂ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಆದರೆ ಆ ಪುಟದಲ್ಲಿದ್ದ ಕತೆ ಹೇಗಿತ್ತೆಂದು ಅವರಲ್ಲಿ ಒಬ್ಬರೂ ಬರೆದದ್ದಿಲ್ಲ. ಕುಮಾರವ್ಯಾಸ ಭಾರತದ ಹತ್ತೇ ಪರ್ವ ಬರೆದ. ಉಳಿದದ್ದನ್ನು ಮುಗಿಸಿದವನು ತಿಮ್ಮಣ್ಣ ಕವಿ. ಗಮಕಿಗಳು ಇಂದಿಗೂ ಯಾರನ್ನು ಹಾಡುತ್ತಿದ್ದಾರೆ? ನಕ್ಷತ್ರದವರ ಕೈಗೆ ಸಿಕ್ಕಿದ್ದರೆ ‘ಅಪೂರ್ಣ’ ಎಂದು ಅವನಿಗೆ ಎರಡೂವರೆ ಕೊಡುತ್ತಿದ್ದರು.

ನಿಮ್ಮ ಅಭಿರುಚಿ ಕೆಟ್ಟಿಲ್ಲ. ಒಂದನ್ನು ಮಾತ್ರ ಪತ್ರದಲ್ಲಿ ಹುಡುಕಿ ಕಾಣದಾದೆ: ಆಟದೊಳಗಿನ ಸಸೌ ಮಠ. ನೂರು ಗಂಟೆಯಾದರೂ ದಾರಿಯಲ್ಲೇ ಸೊಪ್ಪು ಕೀಳುತ್ತ ಉಳಿದಿದ್ದೀರೆಂದು ಕಾಣುತ್ತದೆ; ಅದಕ್ಕೆ ನನ್ನ ಮೆಚ್ಚುಗೆಯಿದೆ. ಮುಂದೆ ಒಮ್ಮೆ ನಿಮ್ಮ ಕತ್ತಿ ಕವಚಗಳನ್ನೆಲ್ಲ ಕಳಚಿಟ್ಟು ಆ ಮಠದಲ್ಲಿ ಹೊಸ ಸನ್ಯಾಸಿಯಾಗಿ ಸೇರಬೇಕಾಗುತ್ತದೆ. ಗಂಟೆ ಬಾರಿಸಿದಾಗ ಏಳಬೇಕು, ಪ್ರಾರ್ಥನೆಗೆ ನಿಲ್ಲಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ತಪ್ಪಿದರೆ ಒಂಟಿ ಕೋಣೆಯ ಶಿಕ್ಷೆ. ಬಹಳ ಮಂದಿ ಆಟಗಾರರು ಬೈಯುವ ಭಾಗವದು. ನನ್ನ ಹದಿನೈದು ದಿನಗಳಲ್ಲಿ ನಾಲ್ಕು ಅಲ್ಲೇ ಕಳೆದವು.

ಆ ಮಠದ ದೊಡ್ಡ ಇಗರ್ಜಿಗೆ ಆಟದಲ್ಲಿ ಇನ್ನೂ ಅಟ್ಟಣಿಗೆ ಕಟ್ಟಿದೆ, ಕಲ್ಲುಕುಟಿಗರು ಕೆಲಸದಲ್ಲಿದ್ದಾರೆ. ನಿಜದಲ್ಲಿ, ಮುಂದೆ ಹುಸ್ಸೈಟ್ ಯುದ್ಧಗಳು ಎಂಬ ಬೊಹೆಮಿಯಾದ ಮತಯುದ್ಧಗಳು ಬಂದು ಅದು ಮುಗಿಯಲೇ ಇಲ್ಲ. ಸಾಜಾವಾ ನದಿಯ ದಂಡೆಯಲ್ಲಿ ಅದರ ಅರೆಕಟ್ಟಿದ ಗೋಡೆಗಳು ಇಂದಿಗೂ ನಿಂತಿವೆ, ಜನ ಹೋಗಿ ನೋಡುತ್ತಾರೆ. ನೀವು ತಲುಪಿದಾಗ ಕುದುರೆಯನ್ನು ಪೊದೆಯಿಲ್ಲದ ಕಡೆ ನಿಲ್ಲಿಸಿ ಒಳಗೆ ಹೋಗಿ.