ದುರಸ್ತಿಯಾದ ಹಳೇ ತೊಟ್ಟಿ ಮನೆ ಕೊಳ್ಳುವ ಮುನ್ನ

ಪ್ರಶ್ನೆ: ಮದ್ದೂರಿನಲ್ಲಿ ಬಾಡಿಗೆಗಿದ್ದೇವೆ. ನಮ್ಮ ಯಜಮಾನರು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ಹತ್ತಿರದ ಹಳ್ಳಿಯಲ್ಲಿ ಸುಮಾರು 90 ವರ್ಷದ ತೊಟ್ಟಿ ಮನೆಯೊಂದು ಮಾರಾಟಕ್ಕಿದೆ. ಮಣ್ಣಿನ ಗೋಡೆ, ಮರದ ಕಂಬ, ಮಂಗಳೂರು ಹೆಂಚು. ಹೋದ ವರ್ಷ ಪೂರ್ತಿ ರಿಪೇರಿ ಮಾಡಿಸಿದ್ದಾರೆ. ಗೋಡೆಗೆ ಸಿಮೆಂಟ್ ಪ್ಲಾಸ್ಟರಿಂಗ್ ಮತ್ತು ಪುಟ್ಟಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಎರಡು ಅಟ್ಯಾಚ್ಡ್ ಬಾತ್‌ರೂಮ್, ತೊಟ್ಟಿಯ ಮೇಲೆ ಪಾಲಿಕಾರ್ಬೊನೇಟ್ ಶೀಟು ಆಗಿದೆ. 58 ಲಕ್ಷ ಹೇಳುತ್ತಿದ್ದಾರೆ. ಮನೆಮಂದಿಗೆಲ್ಲ ಇಷ್ಟವಾಗಿದೆ. ಏನೇನು ನೋಡಬೇಕು?
– ಓದುಗರೊಬ್ಬರು, ಮದ್ದೂರು

ಉತ್ತರ: ನೀವು ಪಟ್ಟಿ ಮಾಡಿರುವ ಹೊಸ ಕೆಲಸಗಳಲ್ಲೇ ಮನೆಯ ತೊಂದರೆಯೂ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ನೋಡುವುದನ್ನು ಗೋಡೆಯ ಬುಡದಿಂದ ಶುರು ಮಾಡಿ.

ಹಳೇ ಮಣ್ಣಿನ ಗೋಡೆಗೆ ಕಲ್ಲಿನ ತಳಪಾಯ ಇರುತ್ತದೆ, ತೇವ ತಡೆಯುವ ಪದರ ಇರುವುದಿಲ್ಲ. ಗೋಡೆ ನೆಲದ ತೇವ ಹೀರುತ್ತದೆ; ಮೈಗೆ ಸುಣ್ಣ ಬಳಿದಿದ್ದರೆ ಆ ತೇವ ಒಂದೆರಡು ಅಡಿ ಏರುವಷ್ಟರಲ್ಲಿ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಮೆತ್ತಿ, ಪುಟ್ಟಿ ಎಳೆದು, ಎಮಲ್ಷನ್ ಬಳಿದರೆ ಹೊರಗೆ ಬರುವ ದಾರಿ ಮುಚ್ಚಿತು. ನೆಲಕ್ಕೂ ವಿಟ್ರಿಫೈಡ್ ಹಾಸಿದ ಮೇಲೆ ನೆಲದಿಂದ ಆರುತ್ತಿದ್ದ ತೇವವೂ ಗೋಡೆಯ ಕಡೆಗೇ ತಿರುಗುತ್ತದೆ. ಎರಡು ಅಡಿಯಲ್ಲಿ ನಿಲ್ಲುತ್ತಿದ್ದದ್ದು ನಾಲ್ಕೈದು ಅಡಿಗೆ ಏರುತ್ತದೆ, ಒಳಗಿನ ಮಣ್ಣು ಮೆತ್ತಗಾಗುತ್ತದೆ. ಹೊರಗಿನ ಗಟ್ಟಿ ಸಿಮೆಂಟು ಒಳಗಿನ ಮಣ್ಣಿಗೆ ಕಚ್ಚಿ ನಿಲ್ಲದೆ ಹಾಳೆಯಂತೆ ಬಿಟ್ಟುಕೊಳ್ಳುತ್ತದೆ. ನಿಮ್ಮ ಭಾಗದಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ನಾಲೆಗೆ ನೀರು ಬಿಟ್ಟು ಸುತ್ತಲ ಗದ್ದೆಗಳಲ್ಲಿ ನೀರು ನಿಂತಾಗ ಅಂತರ್ಜಲ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿ ಕಂಡ ಗೋಡೆ ಆಗ ಒದ್ದೆಯಾಗುತ್ತದೆ. ಹಾಗಾಗಿ ಒಂದು ಸಲ ಬೇಸಿಗೆಯಲ್ಲಿ ನೋಡಿದ್ದರೆ, ಇನ್ನೊಂದು ಸಲ ಹಸ್ತ-ಚಿತ್ತೆ ಮಳೆಯ ದಿನಗಳಲ್ಲಿ ಹೋಗಿ. ಅಲ್ಲಿಯವರೆಗೆ ಕಾಯಲು ಒಪ್ಪದ ಮಾರಾಟಗಾರರಿದ್ದರೆ ಬೆಲೆಯಲ್ಲಿ ಅದನ್ನು ಹಿಡಿಯಿರಿ.

ನೋಡುವ ಕ್ರಮ ಹೀಗೆ. ಬೀರು, ಮಂಚಗಳನ್ನು ಗೋಡೆಯಿಂದ ಒಂದಡಿ ಈಚೆ ಸರಿಸಿ ಟಾರ್ಚನ್ನು ಗೋಡೆಗೆ ಒತ್ತಿ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಕಾಣದ ಉಬ್ಬು ಆಗ ನೆರಳಾಗಿ ಎದ್ದು ಕಾಣುತ್ತದೆ. ಪುಟ್ಟಿ ಹಪ್ಪಳದ ಹಾಗೆ ಎದ್ದಿದ್ದರೆ ಉಗುರಿನಿಂದ ಎತ್ತಿ. ಅಡಿಯಲ್ಲಿ ಅರಳೆಯಂಥ ಬಿಳೀ ಎಳೆ ಕಂಡರೆ ಅದು ತೇವದ ಜೊತೆ ಮೇಲೆ ಬಂದ ಉಪ್ಪು. ಆಮೇಲೆ ನೆಲದಿಂದ ಐದು ಅಡಿಯವರೆಗೆ ಅಡಿಗೊಂದರಂತೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಬಾತ್‌ರೂಮಿನ ಹಿಂದಿನ ಗೋಡೆಯನ್ನು ಎರಡು ಸಲ ನೋಡಿ. ಮಣ್ಣಿನ ಗೋಡೆ ಕೊರೆದು ಪೈಪು ಹೂತಿದ್ದರೆ ಒಂದು ಸಣ್ಣ ಸೋರಿಕೆಯೂ ಗೋಡೆಯನ್ನು ಒಳಗಿಂದೊಳಗೇ ಕರಗಿಸುತ್ತದೆ. ಪೈಪು ಗೋಡೆಯ ಹೊರಮೈಯಲ್ಲಿ ಕ್ಲಾಂಪಿನ ಮೇಲೆ ಇದ್ದರೆ ಒಳ್ಳೆಯದು.

ತೊಂದರೆ ಸಿಕ್ಕಿತು ಎಂದುಕೊಳ್ಳಿ. ಮನೆ ಬಿಡಬೇಕೆಂದೇನಿಲ್ಲ. ನಾಲ್ಕು ಅಡಿ ಎತ್ತರದವರೆಗೆ ಒಳಗೂ ಹೊರಗೂ ಸಿಮೆಂಟ್ ಕಿತ್ತು, ಒಂದು ಬೇಸಿಗೆ ಪೂರ್ತಿ ಗೋಡೆ ಆರಲು ಬಿಡಬೇಕು. ತಿಂದುಹೋದ ಕಡೆ ಹುಲ್ಲು ಕಲಸಿ ಕೊಳೆಸಿದ ಮಣ್ಣಿನಿಂದ ತುಂಬಿ, ಮೇಲೆ ಸುಣ್ಣದ ಗಾರೆ. ಅರಳಿಸಿದ ಸುಣ್ಣವನ್ನು ಸೋಸಿ ಎರಡು ಮೂರು ವಾರ ನೀರಿನಡಿ ಇಟ್ಟಿರಬೇಕು. ಒಂದು ಪಾಲು ಸುಣ್ಣ, ಒಂದು ಪಾಲು ಇಟ್ಟಿಗೆ ಪುಡಿ, ಎರಡು ಪಾಲು ಮರಳು. ಎರಡು ಸಲದ ಮೆತ್ತುವಿಕೆಯಲ್ಲಿ ಒಟ್ಟು ಒಂದು ಅಂಗುಲ ಮೀರುವುದು ಬೇಡ. ಕನಿಷ್ಠ ಒಂದು ವಾರ ನೀರು ಚಿಮುಕಿಸಿ ನೆರಳಲ್ಲಿಡಿ, ಆಮೇಲೆ ತೆಳ್ಳಗೆ ಮೂರು ಸಲ ಸುಣ್ಣ. ‘ಬೇಗ ಸೆಟ್ ಆಗಲಿ’ ಎಂದು ಬೊಗಸೆ ಸಿಮೆಂಟ್ ಬೆರೆಸುವ ಮೇಸ್ತ್ರಿಗೆ ಈ ಕೆಲಸ ಕೊಡಬೇಡಿ. ಒಳ-ಹೊರ ಸೇರಿ 60 ಮೀಟರ್ ಉದ್ದದ ಗೋಡೆಗೆ 1.2 ಮೀಟರ್ ಎತ್ತರ ಹಿಡಿದರೆ 72 ಚದರ ಮೀಟರ್, ಅಂದರೆ ಸುಮಾರು 775 ಚದರಡಿ. ಗಾರೆ ಕೆಲಸ ಬಲ್ಲ ಮೇಸ್ತ್ರಿಯಿಂದ ಚದರಡಿ ಲೆಕ್ಕದಲ್ಲಿ ದರ ಬರೆಸಿಕೊಂಡು ಅದನ್ನೇ ಮುಂದಿಟ್ಟು ಚೌಕಾಸಿ ಮಾಡಿ. ‘ಹೊಸ ರಿಪೇರಿ’ ಎಂದು ಬೆಲೆಗೆ ಸೇರಿಸಿದ್ದು ಈಗ ಕಳೆಯುವ ಲೆಕ್ಕಕ್ಕೆ ಬಂತು.

ಇನ್ನು ತೊಟ್ಟಿ. ನಾಲ್ಕು ಕಡೆಯಿಂದ 60 ಚದರ ಮೀಟರ್ ಚಾವಣಿಯ ನೀರು ಅಲ್ಲಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 50 ಮಿ.ಮೀ. ಮಳೆ ಹೊಡೆದರೆ 3,000 ಲೀಟರ್. ನಿಮಿಷಕ್ಕೆ 50 ಲೀಟರ್. ಟೈಲ್ಸ್ ಹಾಕುವಾಗ ನೀರು ಹರಿಯುವ ಹಳೇ ಕಲ್ಲಿನ ದೋಣಿ (ಕಾಲುವೆ) ಮುಚ್ಚಿ ಎರಡಂಗುಲದ ಪೈಪು ಇಟ್ಟಿದ್ದರೆ, ನಾಲ್ಕು ಎಲೆ ಬಿದ್ದರೂ ನೀರು ಹಜಾರಕ್ಕೆ ನುಗ್ಗುತ್ತದೆ. ನಾಲ್ಕಂಗುಲದ ಪೈಪು ಇರಬೇಕು, ಬಾಯಿಗೆ ತೆಗೆದು ತೊಳೆಯುವ ಜಾಲರಿ ಇರಬೇಕು. ಪರೀಕ್ಷೆ ಸುಲಭ. 20 ಲೀಟರಿನ ಐದು ಬಕೆಟ್ ನೀರನ್ನು ಎರಡು ನಿಮಿಷದೊಳಗೆ ತೊಟ್ಟಿಗೆ ಸುರಿಯಿರಿ. ಜೋರು ಮಳೆ ತರುವ ನೀರು ಅಷ್ಟೇ. ಸುರಿದಂತೆಲ್ಲ ಹರಿದು ಹೋಗಬೇಕು, ಹೊರಗೆ ಎಲ್ಲಿ ಬಿತ್ತೆಂದು ಕಣ್ಣಾರೆ ನೋಡಬೇಕು. ಪಕ್ಕದವರ ಗೋಡೆಗೆ ಬೀಳುತ್ತಿದ್ದರೆ ನಾಳೆ ಜಗಳ ನಿಮ್ಮದಾಗುತ್ತದೆ.

ಈಗ ಶೀಟು ಹಾಕಿರುವುದರಿಂದ ಮಳೆ ನೀರು ತೊಟ್ಟಿಗೆ ಬದಲು ಬೇರೆಲ್ಲೋ ಹೋಗುತ್ತಿರಬಹುದು. ಶೀಟಿನ ಮೇಲಿನ ನೀರನ್ನು ಯಾವ ದೋಣಿ ಹಿಡಿಯುತ್ತದೆ ಎಂದು ಕೇಳಿ. ಶೀಟಿಗೂ ಹೆಂಚಿಗೂ ನಡುವೆ ಸುತ್ತಲೂ ಕನಿಷ್ಠ ಒಂದಡಿ ತೆರಪು ಇಲ್ಲದಿದ್ದರೆ ಬಿಸಿಗಾಳಿ, ಅಡುಗೆಮನೆ ಹಬೆ ಒಳಗೇ ಉಳಿಯುತ್ತವೆ. ಆರದ ಗೋಡೆಯ ಜೊತೆ ಇದೂ ಸೇರಿದರೆ ಬೂಷ್ಟು ಖಂಡಿತ. ಎರಡು ಇಳಿಜಾರು ಕೂಡುವ ನಾಲ್ಕು ಮೂಲೆಗಳು ತೊಟ್ಟಿ ಮನೆಯ ಅತಿ ದುರ್ಬಲ ಜಾಗ. ಅಲ್ಲಿನ ತಗಡು ತುಕ್ಕು ಹಿಡಿದರೆ ನೀರು ನೇರ ತೊಲೆಯ ತುದಿಗೆ ಇಳಿಯುತ್ತದೆ.

ಮರಕ್ಕೆ ಬಳಿದ ಎನಾಮೆಲ್ ಪೇಂಟನ್ನು ನಂಬಬೇಡಿ. ಕಂಬದ ಬುಡ, ಗೋಡೆಯೊಳಗೆ ಹೊಕ್ಕ ತೊಲೆಯ ತುದಿ, ಮೂಲೆಯ ಜಂತೆ, ಈ ಮೂರು ಕಡೆ ಸ್ಕ್ರೂಡ್ರೈವರ್ ತುದಿ ಒತ್ತಿ. ಹೊನ್ನೆ, ಮತ್ತಿ, ತೇಗ ಗಟ್ಟಿ ಇದ್ದರೆ ಎರಡು ಮಿ.ಮೀ. ಹೋಗುವುದೂ ಕಷ್ಟ. ಅಂಗುಲ ಹೋದರೆ ಒಳಗೆ ಮರ ಕೊಳೆತಿದೆ ಇಲ್ಲವೇ ಹುಡಿಯಾಗಿದೆ ಎಂದರ್ಥ. ಗೆದ್ದಲಿನದು ಮಣ್ಣಿನ ಗೆರೆ. ಮರ ಕೊರೆಯುವ ಹುಳುವಿನದು ಗುಂಡುಸೂಜಿ ತಲೆಯಷ್ಟು ತೂತು, ಕೆಳಗೆ ಅಕ್ಕಿ ಹಿಟ್ಟಿನಂಥ ಹುಡಿ. ಹುಡಿ ಗುಡಿಸಿ, ಆ ಜಾಗದಲ್ಲಿ ಕಪ್ಪು ಕಾಗದ ಅಂಟಿಸಿ ಒಂದು ವಾರ ಬಿಟ್ಟು ಬನ್ನಿ. ಮತ್ತೆ ಬಿದ್ದಿದ್ದರೆ ಹುಳು ಜೀವಂತ. ಒಂದೆರಡು ಜಂತೆ ಬದಲಿಸುವುದು ಆಚಾರರಿಗೆ ದೊಡ್ಡ ಕೆಲಸವಲ್ಲ. ಕಂಬದ ಬುಡ ಹೋಗಿದ್ದರೆ ಮಾತ್ರ ಮೇಲಿನ ಭಾರಕ್ಕೆ ಆಸರೆ ಕೊಟ್ಟು ಮಾಡಬೇಕಾದ ಕೆಲಸ, ಖರ್ಚು ಜಾಸ್ತಿ. ಮಣ್ಣಿನ ಗೋಡೆಯ ಮೇಲೆ ಎಲ್ಲಾದರೂ ಆರ್‌ಸಿಸಿ ಚಾವಣಿ ಅಥವಾ ನೀರಿನ ಟ್ಯಾಂಕ್ ಕೂರಿಸಿದ್ದರೆ ಇಂಜಿನಿಯರ್ ನೋಡುವವರೆಗೆ ಮುಂಗಡ ಕೊಡಬೇಡಿ.

ಹೆಂಚಿನ ಬಗ್ಗೆ ಚಿಂತೆ ಕಡಿಮೆ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಮಾದರಿಯ ಹೆಂಚು ಇಂದಿಗೂ ಸಿಗುತ್ತದೆ. ಚದರ ಮೀಟರಿಗೆ ಸುಮಾರು 15 ಬೇಕು. ಆದರೆ ಹಳೆಯದಕ್ಕೂ ಹೊಸದಕ್ಕೂ ಅಳತೆ ಕೊಂಚ ಬೇರೆ ಇದ್ದರೆ ತೋಡು ಕೂರುವುದಿಲ್ಲ. ಒಂದನ್ನು ಒಯ್ದು ಹೊಂದಿಸಿ ನೋಡಿ.

ವೈರಿಂಗಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ನೋಡಿ, ಟೆಸ್ಟ್ ಬಟನ್ ಒತ್ತಿ. ಕರೆಂಟು ತಕ್ಷಣ ಕಡಿಯಬೇಕು. ಒದ್ದೆ ಗೋಡೆಯ ಮನೆಗೆ ಇದು ಪ್ರಾಣದ ಪ್ರಶ್ನೆ. ಸೆಪ್ಟಿಕ್ ಟ್ಯಾಂಕಿಗೂ ಬಾವಿ ಅಥವಾ ಬೋರ್‌ವೆಲ್ಲಿಗೂ 15ರಿಂದ 18 ಮೀಟರ್ ದೂರ ಇರಲಿ. ಪಕ್ಕದ ಮನೆಯವರ ಟ್ಯಾಂಕನ್ನೂ ಲೆಕ್ಕಕ್ಕೆ ಹಿಡಿಯಿರಿ.

58 ಲಕ್ಷಕ್ಕೇ ನೋಂದಣಿಯಾದರೆ ಗ್ರಾಮಾಂತರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಸೇರಿ ಶೇ. 5.65, ನೋಂದಣಿ ಶುಲ್ಕ ಶೇ. 2 (2025ರ ಆಗಸ್ಟ್ 31ರಿಂದ). ಒಟ್ಟು 4,43,700 ರೂ. 50 ಲಕ್ಷ ದಾಟಿದ್ದರಿಂದ ಶೇ. 1ರಷ್ಟು, ಅಂದರೆ 58,000 ರೂ. ಟಿಡಿಎಸ್ (ಮೂಲದಲ್ಲೇ ಕಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ನಿಮ್ಮದು. ಅದನ್ನು ಮಾರುವವರಿಗೆ ಕೊಡುವ ಹಣದಿಂದಲೇ ಹಿಡಿಯಬೇಕು.

ಪ್ರಶ್ನೆ: ಚನ್ನಪಟ್ಟಣದ ಬಳಿ ಗ್ರಾಮಠಾಣಾದಲ್ಲಿರುವ ಇಂಥದ್ದೇ ಹಳೇ ಮನೆ ನೋಡಿದ್ದೇವೆ. ಮಾರುವವರು ಇಬ್ಬರು ಅಣ್ಣ-ತಮ್ಮಂದಿರು. ‘ತಂಗಿಯರಿಗೆ ಮದುವೆಯಲ್ಲೇ ಅರಿಶಿನ-ಕುಂಕುಮಕ್ಕೆ ಕೊಟ್ಟಾಗಿದೆ, ಅವರ ಸಹಿ ಬೇಕಿಲ್ಲ’ ಎನ್ನುತ್ತಾರೆ. ನಂಬಬಹುದೇ?
– ಓದುಗರೊಬ್ಬರು, ರಾಮನಗರ

ಉತ್ತರ: ನಂಬಬೇಡಿ. ಪಿತ್ರಾರ್ಜಿತ ಮನೆಯಾದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗಪತ್ರ ಅಥವಾ ಕೋರ್ಟ್ ಡಿಕ್ರಿಯ ಮೂಲಕ ಪಾಲಾಗಿದ್ದರೆ ಮಾತ್ರ ಮಾತು ಬೇರೆ. ಊರ ಹಿರಿಯರ ಮುಂದೆ ಬಿಳಿ ಹಾಳೆಯಲ್ಲಿ ಬರೆದ ಪಾಲುಪಾರೀಕತ್ತು ತೋರಿಸಿದರೆ ಅದನ್ನು ನೆಚ್ಚಿಕೊಂಡು ದುಡ್ಡು ಕೊಡಬೇಡಿ.

ತಹಶೀಲ್ದಾರ್ ಕಚೇರಿಯ ಮೂಲಕ ಸಿಗುವ ವಂಶವೃಕ್ಷ ತರಿಸಿ, ಊರಿನಲ್ಲಿ ನಾಲ್ಕು ಜನರನ್ನು ಕೇಳಿ ತಾಳೆ ನೋಡಿ. ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸಿದ ವಂಶವೃಕ್ಷ ಅಪರೂಪವಲ್ಲ. ತಂಗಿಯರು ಕ್ರಯಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕುವುದು ಸಾಲದು, ಮಾರುವವರಾಗಿಯೇ ಹಾಕಬೇಕು. ಅವರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲರ ಸಹಿ ಬೇಕು.

ಇ-ಸ್ವತ್ತಿನ (ಗ್ರಾಮ ಪಂಚಾಯಿತಿ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಎರಡನ್ನೂ ಕೇಳಿ, ಟೇಪು ಹಿಡಿದು ಹೋಗಿ ಅಳೆಯಿರಿ. ಹಳೇ ಪತ್ರದಲ್ಲಿ ‘ಇಷ್ಟು ಅಂಕಣದ ಮನೆ’ (ಅಂಕಣ ಎಂದರೆ ಕಂಬಗಳ ನಡುವಿನ ಜಾಗ) ಎಂದಷ್ಟೇ ಇದ್ದು ನಮೂನೆಯಲ್ಲಿ ಮೀಟರ್ ಲೆಕ್ಕ ಬಂದಿರುತ್ತದೆ, ಎರಡಕ್ಕೂ ತಾಳೆಯಾಗುವುದು ಚಕ್ಕುಬಂದಿಯಿಂದಲೇ (ನಾಲ್ಕು ದಿಕ್ಕಿನ ಗಡಿ). ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆಯಾದರೆ ಅದು ಯಾರದೆಂದು, ಸೂರಿನ ನೀರು ಬೀಳುವ ಜಾಗ ಯಾರದೆಂದು ಕ್ರಯಪತ್ರದಲ್ಲಿ ಬರೆಸಿ. ರಿಪೇರಿಯ ವೇಳೆ ಕಟ್ಟಿದ ಬಾತ್‌ರೂಮು ಓಣಿಗೆ ಚಾಚಿದ್ದರೆ ಅಳತೆಯಲ್ಲೇ ಸಿಕ್ಕಿಬೀಳುತ್ತದೆ. ಋಣಭಾರ ಪತ್ರ ಆನ್‌ಲೈನಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯಲ್ಲಿ ಹುಡುಕಿಸಿ.

ಪ್ರಶ್ನೆ: ಮಂಡ್ಯ ಕಡೆಯ ಹಳ್ಳಿಯಲ್ಲಿದ್ದು ದಿನಾ ಬೆಂಗಳೂರಿಗೆ ಬೈಕಿನಲ್ಲಿ ಹೋಗಬಹುದೇ?
– ಓದುಗರೊಬ್ಬರು, ಕೆಂಗೇರಿ

ಉತ್ತರ: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಅವಕಾಶವಿಲ್ಲ; ಸರ್ವಿಸ್ ರಸ್ತೆಯೇ ಗತಿ. ರೈಲೇ ವಾಸಿ. ತಿಂಗಳ ಪಾಸು 150 ಕಿ.ಮೀ.ವರೆಗೆ ಸಿಗುತ್ತದೆ, ಆದರೆ ರಿಸರ್ವೇಷನ್ ಬೋಗಿಗೆ ಅದು ನಡೆಯದು. ಮುಂಗಡ ಕೊಡುವ ಮೊದಲು ಒಂದು ಸೋಮವಾರ ಬೆಳಿಗ್ಗೆ, ಒಂದು ಶುಕ್ರವಾರ ಸಂಜೆ ಆ ಮನೆಯ ಜಗಲಿಯಿಂದ ಆಫೀಸಿನ ಕುರ್ಚಿಯವರೆಗೆ ಹೋಗಿ ಬಂದು ಗಡಿಯಾರ ನೋಡಿ. ರಾತ್ರಿ ಸ್ಟೇಷನ್ನಿನಿಂದ ಹಳ್ಳಿಗೆ ಆಟೊ ಎಷ್ಟು ಗಂಟೆಯವರೆಗೆ ಸಿಗುತ್ತದೆ ಎಂದು ಅಲ್ಲಿನ ಟೀ ಅಂಗಡಿಯಲ್ಲಿ ವಿಚಾರಿಸಿ.